ಬೆವರುವ ಲೇತ್

ಚಿಕ್ಕಪ್ಪನ ಲೇತ್, ಅಂದರೆ ಲೋಹವನ್ನು ತಿರುಗಿಸುತ್ತ ಕಡೆಯುವ ಯಂತ್ರ, ಹದಿನೆಂಟು ವರ್ಷ ಸುಮ್ನೆ ನಿಂತಿತ್ತು. ತೀರ್ಥಹಳ್ಳಿ ಹತ್ತಿರದ ತೋಟ, ಅದರ ಅಂಚಿಗೆ ತಗಡಿನ ಶೆಡ್ಡು. ಒಂದು ಕಾಲದಲ್ಲಿ ಸುತ್ತಲಿನ ಪಂಪುಗಳ ಶಾಫ್ಟು, ಅಕ್ಕಿ ಗಿರಣಿಯ ಬುಷ್ಷು ಎಲ್ಲ ಇದರಲ್ಲೇ ತಯಾರಾಗುತ್ತಿದ್ದವು. ಚಿಕ್ಕಪ್ಪನಿಗೆ ಮಂಡಿನೋವು ಜಾಸ್ತಿಯಾದ ಮೇಲೆ ಅದಕ್ಕೆ ನೀಲಿ ಪ್ಲಾಸ್ಟಿಕ್ ಹೊದಿಸಿ ಬಾಗಿಲು ಹಾಕಿದರು. ಹೋದ ಬೇಸಿಗೆಯಲ್ಲಿ ಪ್ಲಾಸ್ಟಿಕ್ ಎಳೆದೆ. ಒಳಗೆಲ್ಲ ಕೆಮ್ಮಣ್ಣಿನ ಬಣ್ಣ.

"ಸ್ವಿಚ್ ಹಾಕಿ ನೋಡೋಣ್ವಾ?" ಅಂದೆ. ಶಿವಮೊಗ್ಗದಿಂದ ಬಂದಿದ್ದ ಲೇತ್ ನಡೆಸುವ ಹಳೇ ಟರ್ನರ್ ಒಬ್ಬರು ತಲೆಯಾಡಿಸಿದರು. "ಸ್ವಿಚ್ ಕೊನೆಗೆ ಮಾರಾಯ. ಮೊದಲು ಕೈಯಲ್ಲಿ ತಿರುಗಲಿ."

ನಮ್ಮದು 1923ರಿಂದಲೇ ಭದ್ರಾವತಿಯಲ್ಲಿ ಕಬ್ಬಿಣ ಕರಗಿಸಿದ ಜಿಲ್ಲೆ. ಆದರೆ ಕರಗಿಸಿದ ಕಬ್ಬಿಣವನ್ನು ಇಟ್ಟುಕೊಳ್ಳಲು ಇದಕ್ಕಿಂತ ಕೆಟ್ಟ ಊರು ಹುಡುಕುವುದು ಕಷ್ಟ. ಮಳೆ ನೇರವಾಗಿ ಬೀಳಬೇಕು ಅಂತಿಲ್ಲ. ಗಾಳಿಯ ತೇವ ಸುಮಾರು ಶೇ. 60 ದಾಟಿದರೆ ಸಾಕು, ಕಬ್ಬಿಣದ ಮೇಲೆ ಕಣ್ಣಿಗೆ ಕಾಣದ ನೀರಿನ ಪೊರೆ ಕೂರುತ್ತದೆ. ನೀರು ಮತ್ತು ಆಮ್ಲಜನಕ ಎರಡೂ ಸಿಕ್ಕಿದ ಮೇಲೆ ತುಕ್ಕಿಗೆ ಬೇರೇನೂ ಬೇಡ. ಇನ್ನು ಲೇತ್ ಅಂದರೆ ಕ್ವಿಂಟಲ್‌ಗಟ್ಟಲೆ ಬೀಡು, ಅಂದರೆ ಎರಕದ ಕಬ್ಬಿಣ. ರಾತ್ರಿಯ ತಂಪನ್ನು ಅದು ಬೇಗ ಬಿಡುವುದಿಲ್ಲ. ಬೆಳಿಗ್ಗೆ ಹೊರಗಿನ ಬೆಚ್ಚನೆಯ, ತೇವದ ಗಾಳಿ ಒಳಗೆ ಬರುತ್ತದೆ, ತಣ್ಣಗಿನ ಬೀಡಿಗೆ ತಾಗುತ್ತದೆ, ಹನಿಯಾಗುತ್ತದೆ. ಫ್ರಿಜ್‌ನಿಂದ ತೆಗೆದ ಬಾಟಲಿ ಬೆವರಿದ ಹಾಗೆ. ಪ್ಲಾಸ್ಟಿಕ್ ಹೊದಿಸಿದರೆ ಆ ಬೆವರು ಆರುವುದೂ ಇಲ್ಲ. ಪಾಪ, ಚಿಕ್ಕಪ್ಪ ಕಾಳಜಿಯಿಂದ ಮಾಡಿದ ಕೆಲಸವೇ ಉಲ್ಟಾ ಹೊಡೆದಿತ್ತು.

ತುಕ್ಕಿನ ಇನ್ನೊಂದು ಕಿರಿಕಿರಿ, ಅದು ಉಬ್ಬುತ್ತದೆ. ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ ಕೇಳುತ್ತದೆ. ಕೂದಲೆಳೆಯಷ್ಟೂ ಸಂದಿಲ್ಲದ ಕಡೆ ಹೀಗೆ ಉಬ್ಬಿದರೆ ಬೆಣೆ ಹೊಡೆದಂತೆ ಬಿಗಿದುಕೊಳ್ಳುತ್ತದೆ. ಕಡೆಯುವ ಸರಳಿನ ತುದಿಗೆ ಆಸರೆ ಕೊಡುವ ಟೈಲ್‌ಸ್ಟಾಕ್‌ನ ಒಳಗಿನ ಕೊಳವೆ ಹಾಗೇ ಕಚ್ಚಿಕೊಂಡಿತ್ತು. ನಾಲ್ಕು ದಿನ ಡೀಸೆಲ್ ಕುಡಿಸಿ, ಮರದ ಕೊಡತಿಯಲ್ಲಿ ತಟ್ಟಿ ತಟ್ಟಿ ಬಿಡಿಸಿದೆವು.

ಸಣ್ಣ ಸಾಮಾನುಗಳಿಗೆ ಸುಲಭದ ದಾರಿ ಇದೆ. ಪ್ಲಾಸ್ಟಿಕ್ ಬಕೆಟ್, ವಾಷಿಂಗ್ ಸೋಡಾ ಕಲಸಿದ ನೀರು, 12 ವೋಲ್ಟ್ ಬ್ಯಾಟರಿ ಚಾರ್ಜರ್. ತುಕ್ಕು ಹಿಡಿದದ್ದಕ್ಕೆ ನೆಗೆಟಿವ್, ಒಂದು ಗುಜರಿ ಕಬ್ಬಿಣದ ತುಂಡಿಗೆ ಪಾಸಿಟಿವ್. ಎರಡೂ ಒಂದಕ್ಕೊಂದು ತಾಗಬಾರದು. ತುಕ್ಕು ಸಡಿಲವಾಗಿ, ಬ್ರಷ್ ಹಾಕಿದರೆ ಉದುರುವ ಕಪ್ಪು ಪುಡಿಯಾಗುತ್ತದೆ. ಗುಳ್ಳೆ ಗುಳ್ಳೆಯಾಗಿ ಹೈಡ್ರೋಜನ್ ಏಳುವುದರಿಂದ ಇದನ್ನು ಅಂಗಳದಲ್ಲೇ ಮಾಡಬೇಕು. ಗುಜರಿ ತುಂಡಿನ ಜಾಗಕ್ಕೆ ಸ್ಟೀಲ್ ಲೋಟ ಇಡಬೇಡಿ. ಅದರ ಕ್ರೋಮಿಯಂ ನೀರಿಗೆ ಬಂದು ವಿಷವಾಗಬಹುದು.

ಲೇತಿನ ಕಾಲುಗಳಿಗೆ ನಾನೊಂದು ಮಲೆನಾಡಿನ ಪ್ರಯೋಗ ಮಾಡಿದೆ. ಅಡಿಕೆ ಸುಲಿದ ಮೆಟ್ಟುಗತ್ತಿ ಕಪ್ಪಾಗುವುದು ಗೊತ್ತಲ್ವಾ? ಅಡಿಕೆಯ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಕಪ್ಪು ವಸ್ತುವಾಗುತ್ತದೆ. ಅಂಗಡಿಯಲ್ಲಿ ಸಿಗುವ, ತುಕ್ಕನ್ನು ಕಪ್ಪು ಮಾಡಿ ನಿಲ್ಲಿಸುವ ಎಷ್ಟೋ ದ್ರಾವಣಗಳ ಒಳಗುಟ್ಟೂ ಟ್ಯಾನಿನ್ನೇ. ಮನೆಯಲ್ಲಿ ಚೊಗರು (ಅಡಿಕೆ ಬೇಯಿಸಿದ ನೀರು) ಇತ್ತು, ಬಳಿದೆ. ಕಾಲು ಕಪ್ಪಾದವು, ನನ್ನ ಕೈಯೂ ಕಪ್ಪಾಯಿತು. ಅದರ ಮೇಲೆ ನಂಬಿಕೆ ಸಾಲದೆ ಪೇಂಟನ್ನೂ ಹೊಡೆದೆ ಅನ್ನುವುದು ಬೇರೆ ಮಾತು.

ಬೆಡ್ ಮೇಲೆ, ಅಂದರೆ ಉಳಿದ ಭಾಗಗಳು ಜಾರುವ ಉದ್ದನೆಯ ತಳದ ಮೇಲೆ ಮಾತ್ರ ಇಂಥ ಆಟ ಆಡುವಂತಿಲ್ಲ. ಸೀಮೆಎಣ್ಣೆ ಹಾಕಿ ಬ್ಲೇಡಿನಿಂದ ನಯವಾಗಿ ಕೆರೆಯಬೇಕು. ಎಮರಿ ಹಾಳೆ ಬೇಡವೇ ಬೇಡ. ಅದರ ಪುಡಿ ಬೀಡಿನಲ್ಲಿ ಹೂತುಕೊಂಡು ಮುಂದೆ ಜಾರುವ ಭಾಗಗಳನ್ನೇ ಸವೆಸುತ್ತದೆ. ಕೆರೆಯುವಾಗ ಒಂದು ತಮಾಷೆ ಕಂಡಿತು. ಚಿಕ್ಕಪ್ಪ ಒರೆಸದೆ ಬಿಟ್ಟಿದ್ದ ಗ್ರೀಸು, ಲೋಹದ ಚೂರು ಸೇರಿ ಗಟ್ಟಿಯಾಗಿದ್ದ ಕಡೆಯೆಲ್ಲ ಕೆಳಗಿನ ಲೋಹ ಫಳಫಳ. ಒರೆಸಿ ಚೊಕ್ಕ ಮಾಡಿಟ್ಟ ಕಡೆ ತುಕ್ಕು.

ಸ್ವಿಚ್ ಯಾಕೆ ಕೊನೆಗೆ? ಉತ್ತರ ಬೇರಿಂಗಿನಲ್ಲಿದೆ. ಈ ಲೇತಿನ ಸ್ಪಿಂಡಲ್, ಅಂದರೆ ಮುಖ್ಯ ಶಾಫ್ಟು, ತಿರುಗುವುದು ಗುಂಡುಗಳ ಮೇಲಲ್ಲ, ಬಳೆಯಂಥ ಕಂಚಿನ ಬುಷ್ಷಿನಲ್ಲಿ. 1883ರ ಹೊತ್ತಿಗೆ ಇಂಗ್ಲೆಂಡಿನ ಎಂಜಿನಿಯರ್ ಬ್ಯೂಚಾಂಪ್ ಟವರ್ ರೈಲಿನ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದರು. ಎಣ್ಣೆ ಬಿಡಲೆಂದು ಮೇಲೊಂದು ತೂತು ಕೊರೆದರೆ, ಒಳಗಿನ ಎಣ್ಣೆಯೇ ತೂತಿನಿಂದ ಉಕ್ಕಿ ಬಂತು. ಮರದ ಬಿರಡೆ ಜಡಿದರು. ಬಿರಡೆಯನ್ನೂ ತಳ್ಳಿ ಹಾಕಿತು. ತಿರುಗುವ ಶಾಫ್ಟು ಎಣ್ಣೆಯನ್ನು ಕಿರಿದಾಗುತ್ತ ಹೋಗುವ ಸಂದಿಗೆ ಎಳೆದುಕೊಂಡು ಹೋಗುತ್ತದೆ. ಅಲ್ಲಿ ಎದ್ದ ಒತ್ತಡದಿಂದ ಶಾಫ್ಟು ತೇಲುತ್ತದೆ, ಲೋಹಕ್ಕೆ ಲೋಹ ತಾಗುವುದೇ ಇಲ್ಲ. ಇದರ ಗಣಿತವನ್ನು 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಬಿಡಿಸಿಟ್ಟರು. ಅಂದರೆ ತೇಲಬೇಕಾದರೆ ಎಣ್ಣೆ ಇರಲೇಬೇಕು. ಹದಿನೆಂಟು ವರ್ಷದಲ್ಲಿ ನಮ್ಮ ಎಣ್ಣೆ ಹಲಸಿನ ಮೇಣದಂತಾಗಿ ದಾರಿಗಳನ್ನೆಲ್ಲ ಮುಚ್ಚಿತ್ತು. ಆಗ ಸ್ವಿಚ್ ಹಾಕಿದ್ದರೆ ಕಂಚು ಒಣಗಿದ್ದಂತೆಯೇ ಉಜ್ಜಿ ಹಾಳಾಗುತ್ತಿತ್ತು. ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಎಣ್ಣೆ ಬಿಟ್ಟು, ಎರಡು ದಿನ ಬಿಡುವಾದಾಗಲೆಲ್ಲ ಕೈಯಲ್ಲೇ ತಿರುಗಿಸಿದೆವು.

ಮೋಟಾರಿನ ವೈಂಡಿಂಗ್ ತೇವ ಹೀರಿತ್ತು. ಬಿಚ್ಚಿ, ಬಲ್ಬಿನ ಬಿಸಿಯಲ್ಲಿ ಒಣಗಿಸಿ, ಕರೆಂಟು ಸೋರುತ್ತದೆಯೇ ಎಂದು ಮೆಗ್ಗರ್ ಮೀಟರ್ ಹಿಡಿದು ನೋಡಿದ ಮೇಲೇ ಕರೆಂಟು ಕೊಟ್ಟದ್ದು. ಅದೂ ಟರ್ನರ್ ಚಕ್ಕನ್ನು, ಅಂದರೆ ಸರಳನ್ನು ಕಚ್ಚಿ ಹಿಡಿಯುವ ಭಾಗವನ್ನು, ಬಿಚ್ಚಿ ಕೆಳಗಿಟ್ಟ ಮೇಲೆ. ತ್ರೀ ಫೇಸ್ ವೈರುಗಳಲ್ಲಿ ಎರಡು ಅದಲು ಬದಲಾದರೆ ಮೋಟಾರು ಉಲ್ಟಾ ತಿರುಗುತ್ತದೆ. ಈ ಹಳೇ ಲೇತಿನ ಚಕ್ಕು ಸ್ಕ್ರೂ ಥರ ತಿರುಪಿನಿಂದ ಕೂರುವಂಥದ್ದು. ಸ್ಪಿಂಡಲ್ ದಿಢೀರನೆ ಉಲ್ಟಾ ಹೊರಟರೆ, ಭಾರದ ಚಕ್ಕು ಹಿಂದೆ ಉಳಿದು ತಾನಾಗಿ ಬಿಚ್ಚಿಕೊಂಡು ಕಾಲ ಮೇಲೆ ಬೀಳುತ್ತದೆ. ನಮ್ಮದು ಉಲ್ಟಾನೇ ತಿರುಗಿತು!

ವೈರು ಬದಲಿಸಿ ಚಕ್ಕು ಕೂರಿಸಿ ಒಂದು ಸರಳು ಕಡೆದರೆ ಎರಡು ತುದಿಯ ದಪ್ಪದಲ್ಲಿ ಮಿಲಿಮೀಟರಿನ ನೂರರಲ್ಲಿ 6 ಪಾಲು ವ್ಯತ್ಯಾಸ. ಬೀಡು ಎಷ್ಟು ದಪ್ಪವಿದ್ದರೂ, ಕಾಲು ಸಮ ನಿಲ್ಲದಿದ್ದರೆ ಬೆಡ್ ತುಸು ತಿರುಚಿಕೊಳ್ಳುತ್ತದೆ. ಒಂದು ಕಾಲಿನಡಿ ತೆಳು ತಗಡು ತೂರಿಸಿ, ಮತ್ತೆ ಕಡೆದು, ಮತ್ತೆ ಅಳೆದು, ಸಂಜೆಯ ಹೊತ್ತಿಗೆ ವ್ಯತ್ಯಾಸ 1ಕ್ಕೆ ಇಳಿಯಿತು.

ಪ್ಲಾಸ್ಟಿಕ್ ಹಾಳೆಯನ್ನು ಕಟ್ಟಿಗೆ ಮುಚ್ಚಲು ಕೊಟ್ಟೆವು. ಈಗ ಲೇತಿಗೆ ಹತ್ತಿಯ ಬಟ್ಟೆ, ಬೆಡ್ಡಿನ ಕೆಳಗೆ ಹಳೇ ಕಾಲದ 40 ವ್ಯಾಟ್ ಬಲ್ಬು. ಎಲ್‌ಇಡಿ ಅಷ್ಟು ಬಿಸಿಯಾಗುವುದಿಲ್ಲ. ಬೀಡು ಸುತ್ತಲಿನ ಗಾಳಿಗಿಂತ ಎರಡು ಮೂರು ಡಿಗ್ರಿ ಬೆಚ್ಚಗಿದ್ದರೆ ಇಬ್ಬನಿ ಕೂರುವುದಿಲ್ಲ. ಆಷಾಢದ ಒಂದು ಬೆಳಿಗ್ಗೆ ಆರು ಗಂಟೆಗೆ ಹೋಗಿ ಬೆಡ್ ಮೇಲೆ ಕೈಯಾಡಿಸಿದೆ. ಎಣ್ಣೆಯ ಜಿಡ್ಡು ಬಿಟ್ಟರೆ ಒಣಗಿತ್ತು. ಪಕ್ಕದಲ್ಲಿ ಗೋಡೆಗೆ ಒರಗಿಸಿಟ್ಟ ಹಾರೆಯ ಮೈತುಂಬ ಹನಿ.