ತುಂಗಭದ್ರೆಯ ಹೂಳು ಮತ್ತು ಬೇಸಿಗೆಯ ಕುಡಿಯುವ ನೀರು

ಮಳೆ ಕೈಕೊಟ್ಟ ವರ್ಷಗಳಲ್ಲಿ ತುಂಗಭದ್ರಾ ಜಲಾಶಯದ ನೀರಿನ ಮಟ್ಟವನ್ನು ಜನ ದಿನವೂ ಪತ್ರಿಕೆಯಲ್ಲಿ ಹುಡುಕಿ ಓದುತ್ತಾರೆ, ಗರಿಷ್ಠ ಮಟ್ಟವಾದ 1,633 ಅಡಿಗೆ ಇನ್ನೆಷ್ಟು ಬಾಕಿ ಎಂದು ಲೆಕ್ಕ ಹಾಕುತ್ತಾರೆ. ಪಟ್ಟಣಗಳ ನೀರು ಸರಬರಾಜಿನ ಕೆಲಸದಲ್ಲಿರುವ ಎಂಜಿನಿಯರ್ ಆಗಿ ನನಗೆ ಮುಖ್ಯವಾಗುವುದು ಬೇರೆ ಎರಡು ಸಂಗತಿಗಳು: ಹೂಳನ್ನು ಕಳೆದು ಉಳಿದಿರುವ ನೀರೆಷ್ಟು, ಆ ನೀರು ಕಾಲುವೆಯ ಕೊನೆಯ ಊರಿನ ಕೆರೆಯನ್ನು ಮುಟ್ಟುವುದು ಯಾವಾಗ.

1953ರಲ್ಲಿ 133 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಇದ್ದ ಜಲಾಶಯದ ಸಾಮರ್ಥ್ಯ ಈಗ 105.788 ಟಿಎಂಸಿಗೆ ಇಳಿದಿದೆ. ಬರ ಒಂದು ವರ್ಷ ಬಂದು ಹೋಗುತ್ತದೆ. ಹೂಳಿಗೆ ಕಳೆದುಕೊಂಡ ಈ 27 ಟಿಎಂಸಿ ಒಳ್ಳೆಯ ಮಳೆಯಾದರೂ ಮರಳಿ ಬರುವುದಿಲ್ಲ. ಹೂಳೆತ್ತಿಬಿಡಿ ಎಂಬ ಬೇಡಿಕೆ ಪ್ರತಿ ಬೇಸಿಗೆಯಲ್ಲೂ ಕೇಳಿಬರುತ್ತದೆ. ಆದರೆ ಆ ಹೂಳು ಸುಮಾರು 77 ಕೋಟಿ ಘನ ಮೀಟರ್ ಮಣ್ಣು. ಒಂದು ಟಿಪ್ಪರ್‌ಗೆ 10 ಘನ ಮೀಟರ್‌ನಂತೆ ದಿನಕ್ಕೆ 1,000 ಲೋಡ್ ಸಾಗಿಸಿದರೂ ಮುಗಿಯಲು 200 ವರ್ಷ ಮೀರುತ್ತದೆ. ಹೆಚ್ಚುವರಿ ನೀರನ್ನು ಹಿಡಿದಿಡಲು ನವಲಿಯಲ್ಲಿ ಕಟ್ಟಬೇಕೆಂದಿರುವ ಸಮತೋಲನ ಜಲಾಶಯದ ಪ್ರಸ್ತಾವಕ್ಕೆ ನೆರೆಯ ರಾಜ್ಯಗಳ ಒಪ್ಪಿಗೆಯೂ ಬೇಕು. ಅದು ಆಗಲೇಬೇಕಾದ ಕೆಲಸ, ಆದರೆ ಮುಂದಿನ ಬೇಸಿಗೆಗೆ ಒದಗುವುದಿಲ್ಲ.

ಕುಡಿಯುವುದಕ್ಕೆ ಬೇಕಾಗುವ ನೀರು ಮಾತ್ರ ಅಚ್ಚರಿಯಾಗುವಷ್ಟು ಕಡಿಮೆ. ಒಂದು ಟಿಎಂಸಿ ಎಂದರೆ 2,832 ಕೋಟಿ ಲೀಟರ್; ತಲೆಗೆ ದಿನಕ್ಕೆ 135 ಲೀಟರ್ ಕೊಟ್ಟರೂ, ಸೋರಿಕೆಯನ್ನು ಬದಿಗಿಟ್ಟರೆ, ಐದು ಲಕ್ಷ ಜನರಿಗೆ ಒಂದು ವರ್ಷ ದಾಟುತ್ತದೆ. ಹಾಗಿದ್ದೂ ಸಿಂಧನೂರು, ಮಾನ್ವಿ ಕಡೆಯ ಊರುಗಳಲ್ಲಿ ನಲ್ಲಿ ಒಣಗುವುದಕ್ಕೆ ಕಾರಣ, ಅಲ್ಲಿನ ಕೆರೆಗಳು ತುಂಬಬೇಕಾದರೆ ನೀರು 200 ಕಿಲೋಮೀಟರ್‌ಗೂ ಹೆಚ್ಚು ಉದ್ದದ ಎಡದಂಡೆ ಕಾಲುವೆಯಲ್ಲೇ ಹರಿದು ಬರಬೇಕಾಗಿರುವುದು. ಒಣಗಿದ ಕಾಲುವೆಯ ತಳ ಮೊದಲು ತನ್ನ ಪಾಲು ಹೀರುತ್ತದೆ, ದಾರಿಯುದ್ದಕ್ಕೂ ಪಂಪ್‌ಸೆಟ್‌ಗಳು ಎಳೆಯುತ್ತವೆ, ಉಪಕಾಲುವೆಗಳ ಗೇಟಿನ ಬಳಿ ಕಾವಲು ನಿಲ್ಲಿಸಬೇಕಾಗುತ್ತದೆ. ಹರಿವು ಕಡಿಮೆಯಾದರೆ ನೀರು ಕೆರೆಯ ತೂಬಿನ ಎತ್ತರಕ್ಕೆ ಏರುವುದೇ ಇಲ್ಲ. 1,000 ಕ್ಯುಸೆಕ್‌ನಂತೆ, ಅಂದರೆ ಸೆಕೆಂಡಿಗೆ 1,000 ಘನ ಅಡಿಯಂತೆ, ಬಿಟ್ಟರೆ ಹನ್ನೆರಡು ದಿನದೊಳಗೆ ಒಂದು ಟಿಎಂಸಿ ಖಾಲಿ, ಅದರಲ್ಲಿ ಕೆರೆ ಸೇರುವುದು ಒಂದು ಪಾಲು ಮಾತ್ರ.

ಕೆರೆ ತಳ ಮುಟ್ಟಿದಾಗಿನ ಸ್ಥಿತಿಯನ್ನು ಜಾಕ್‌ವೆಲ್ (ಕೆರೆಯ ನೀರನ್ನು ಪಂಪ್ ಮಾಡುವ ಬಾವಿ) ಬಳಿ ನಿಂತವರು ಬಲ್ಲರು. ನೀರು ಹಸಿರುಗಟ್ಟಿ ವಾಸನೆ ಹೊಡೆಯುತ್ತದೆ, ನೀರು ತಿಳಿಗೊಳಿಸುವ ಆಲಂ ಮತ್ತು ಕ್ರಿಮಿ ಕೊಲ್ಲುವ ಕ್ಲೋರಿನ್ ಹೆಚ್ಚು ಬೇಕಾಗುತ್ತದೆ, ಫಿಲ್ಟರ್ ಬೆಡ್‌ಗಳು ಬೇಗ ಕಟ್ಟಿಕೊಳ್ಳುತ್ತವೆ. ಅವನ್ನು ತೊಳೆಯುವುದಕ್ಕೆ ಶುದ್ಧೀಕರಿಸಿದ ನೀರೇ ಖರ್ಚಾಗುತ್ತದೆ. ವಾರಕ್ಕೊಮ್ಮೆ ನೀರು ಸಿಗುವ ಓಣಿಯ ಹೆಣ್ಣುಮಕ್ಕಳು ಆ ದಿನ ಕೂಲಿ ಬಿಟ್ಟು ಕೊಡ ಹಿಡಿದು ಕಾಯುತ್ತಾರೆ.

ಇದರ ಹೊಣೆಯನ್ನು ರೈತರ ಮೇಲೆ ಹೊರಿಸುವುದು ಅನ್ಯಾಯ. ಭತ್ತ ನಾಟಿ ಮಾಡಿದ ಮೇಲೆ ನೀರಿಲ್ಲ ಎಂದರೆ ಯಾವ ರೈತನೂ ಸುಮ್ಮನೆ ಕೂರಲಾರ. ನವೆಂಬರ್ ಹೊತ್ತಿಗೆ ಒಳಹರಿವು ಬಹುತೇಕ ನಿಂತು, ಜಲಾಶಯದಲ್ಲಿ ಏನು ಉಳಿದಿದೆ ಎಂಬುದು ಸ್ಪಷ್ಟವಾಗಿರುತ್ತದೆ. ಎರಡನೇ ಬೆಳೆಯ ನಿರ್ಧಾರ ಮಾಡುವ ನೀರಾವರಿ ಸಲಹಾ ಸಮಿತಿಯ ಸಭೆಯಲ್ಲಿ ಮೊದಲು ಕುಡಿಯುವ ನೀರನ್ನು, ಕಾಲುವೆಯ ನಷ್ಟವನ್ನೂ ಸೇರಿಸಿ, ತೆಗೆದಿಡಬೇಕು. ಉಳಿದದ್ದು ಎಷ್ಟು ಎಕರೆಗೆ ಸಾಲುತ್ತದೆ ಎಂಬುದನ್ನು ಸಸಿಮಡಿ ಹಾಕುವ ಮುನ್ನವೇ ಊರೂರಿಗೆ ತಿಳಿಸಬೇಕು. ಪುರಸಭೆ, ನಗರಸಭೆಗಳು ತಮ್ಮ ಕೆರೆಗಳ ಹೂಳನ್ನಾದರೂ ತೆಗೆಸಬೇಕು, ಏಕೆಂದರೆ ಅಲ್ಲಿ ಟಿಪ್ಪರ್ ಲೆಕ್ಕ ಒಂದೇ ಬೇಸಿಗೆಯಲ್ಲಿ ಮುಗಿಯುವಂಥದ್ದು, ಮತ್ತು ಕಾಲುವೆ ಬಂದ್ ಆದ ದಿನದಿಂದ ಮುಂಗಾರಿನ ನೀರು ಬರುವವರೆಗೆ ಊರು ಬದುಕುವುದು ಆ ಕೆರೆಯಲ್ಲಿರುವ ನೀರಿನ ಮೇಲೆಯೇ.