ಹತ್ತು ಮೀಟರಿಗೆ ಹತ್ತು ಸೆಂಟಿಮೀಟರ್

ಕತ್ತಲಾದ ಮೇಲೆ ಕಾರನ್ನು ಬಿಳಿ ಗೋಡೆಯೊಂದರ ಎದುರು ನಿಲ್ಲಿಸಿ ಹೆಡ್‌ಲೈಟನ್ನು ಲೋ ಬೀಮ್‌ನಲ್ಲಿ ಹಚ್ಚಿದರೆ ಬೆಳಕು ಗೋಡೆಯ ತುಂಬ ಹರಡಿಕೊಳ್ಳುವುದಿಲ್ಲ; ಒಂದು ಎತ್ತರಕ್ಕೆ ಬಂದು, ಅಡ್ಡಗೆರೆ ಹಾಕಿದಂತೆ ನಿಂತುಬಿಡುತ್ತದೆ. ಗೆರೆಯ ಕೆಳಗೆ ಬೆಳಕು, ಮೇಲೆ ಹೆಚ್ಚುಕಡಿಮೆ ಕತ್ತಲೆ. ಗಮನವಿಟ್ಟು ನೋಡಿದರೆ ಈ ಗೆರೆ ಪೂರ್ತಿ ನೇರವಾಗಿಯೂ ಇರುವುದಿಲ್ಲ. ವಾಹನಗಳು ರಸ್ತೆಯ ಎಡಬದಿಯಲ್ಲಿ ಸಾಗುವ ದೇಶಗಳ ಕಾರುಗಳಲ್ಲಿ ಅದರ ಬಲ ಅರ್ಧ ಮಟ್ಟಸವಾಗಿದ್ದು, ಎಡ ಅರ್ಧ ಸಾಮಾನ್ಯವಾಗಿ 15 ಡಿಗ್ರಿಯಷ್ಟು ಓರೆಯಾಗಿ ಮೇಲೇರುತ್ತದೆ. ಬಲಬದಿಯ ಸಂಚಾರವಿರುವಲ್ಲಿ ಇದು ಅದಲುಬದಲು. ಎದುರಿನಿಂದ ಬರುವವರ ಕಡೆ ಬೆಳಕು ತಗ್ಗಿರಬೇಕು, ರಸ್ತೆಯ ಅಂಚಿನಲ್ಲಿ ನಡೆಯುತ್ತಿರುವವರು ಮಾತ್ರ ದೂರದಿಂದಲೇ ಕಾಣಬೇಕು ಎಂಬ ಎರಡು ಬೇಡಿಕೆಗಳ ನಡುವಿನ ರಾಜಿ ಈ ಡೊಂಕು. ಮನೆಯಲ್ಲೇ ಹೆಡ್‌ಲೈಟ್ ಹೊಂದಿಸುವುದೆಂದರೆ ಈ ಗೆರೆಯನ್ನು ಅದರ ಜಾಗದಲ್ಲಿ ಕೂರಿಸುವ ಕೆಲಸ.

ಆ ಜಾಗ ದೀಪದ ಮಟ್ಟಕ್ಕಿಂತ ತುಸು ಕೆಳಗಿದೆ. ಬಹುಪಾಲು ಕಾರುಗಳಲ್ಲಿ ಬೆಳಕಿನ ಗೆರೆ ನೂರಕ್ಕೆ ಒಂದರಂತೆ, ಎಂದರೆ ಹತ್ತು ಮೀಟರ್ ಸಾಗುವಷ್ಟರಲ್ಲಿ ಹತ್ತು ಸೆಂಟಿಮೀಟರ್ ಇಳಿಯಬೇಕು. ಕೋನದ ಲೆಕ್ಕದಲ್ಲಿ ಇದು ಅರ್ಧ ಡಿಗ್ರಿಗಿಂತ ಚೂರು ಹೆಚ್ಚು, ಅಷ್ಟೆ. ದೀಪ ನೆಲದಿಂದ 65 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಆ ಗೆರೆ 65 ಮೀಟರ್ ಮುಂದೆ ರಸ್ತೆಯನ್ನು ಮುಟ್ಟುತ್ತದೆ. ಇಳಿತ ನೂರಕ್ಕೆ ಎರಡಾಯಿತೆನ್ನಿ, ಬೆಳಕು 32 ಮೀಟರಿಗೇ ಮುಗಿಯುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿರುವ ಕಾರು ಆ ದೂರವನ್ನು ಒಂದೂವರೆ ಸೆಕೆಂಡಿನಲ್ಲಿ ದಾಟುತ್ತದೆ. ಅದೇ ಗೆರೆ ನೂರಕ್ಕೆ ಒಂದರಷ್ಟು ಮೇಲಕ್ಕೆ ತಿರುಗಿದರೆ 50 ಮೀಟರ್ ದೂರದಲ್ಲಿ ಅದರ ಎತ್ತರ 115 ಸೆಂಟಿಮೀಟರ್ ಆಗುತ್ತದೆ. ಎದುರಿನ ಕಾರಿನಲ್ಲಿ ಚಾಲಕರ ಕಣ್ಣು ಇರುವುದೂ ಹೆಚ್ಚುಕಡಿಮೆ ಅಲ್ಲಿಯೇ. ಹಾಗೆ ಕಣ್ಣಿಗೆ ಬಿದ್ದ ತೀಕ್ಷ್ಣ ಬೆಳಕು ಕಣ್ಣಿನ ಮಸೂರದೊಳಗೆ ಚದುರಿ, ಇಡೀ ನೋಟದ ಮೇಲೆ ತೆಳುವಾದ ಪರದೆಯನ್ನು ಹೊದಿಸುತ್ತದೆ. ವಯಸ್ಸಾದಂತೆ ಮಸೂರ ಮಬ್ಬಾಗುವುದರಿಂದ ಹಿರಿಯರಿಗೆ ಈ ತೊಂದರೆ ಇನ್ನೂ ಹೆಚ್ಚು.

ನೂರಕ್ಕೆ ಒಂದು ಎಂಬುದು ಎಷ್ಟು ನಾಜೂಕಿನ ಅಳತೆ ಎನ್ನುವುದು ಕೆಲಸಕ್ಕೆ ಇಳಿದಾಗಲೇ ಗೊತ್ತಾಗುವುದು. ಕಾರಿನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ ಎರಡೂವರೆ ಮೀಟರ್ ಇದ್ದು, ಡಿಕ್ಕಿಯಲ್ಲಿಟ್ಟ ಸಾಮಾನಿನ ಭಾರಕ್ಕೆ ಹಿಂಭಾಗ ಎರಡೂವರೆ ಸೆಂಟಿಮೀಟರ್ ಕುಸಿದರೆ, ಅಲ್ಲಿಗೆ ಇಳಿತ ಪೂರ್ತಿ ಮಾಯ. ಕೆಲವು ಕಾರುಗಳ ಡ್ಯಾಶ್‌ಬೋರ್ಡಿನಲ್ಲಿ 0, 1, 2, 3 ಎಂದು ಬರೆದ ಸಣ್ಣ ಚಕ್ರವೊಂದಿರುವುದು ಇದೇ ಕಾರಣಕ್ಕೆ: ಭಾರ ಹೆಚ್ಚಿದಂತೆ ಅಂಕಿ ಏರಿಸಿ, ಬೆಳಕನ್ನು ಇಳಿಸಿಕೊಳ್ಳಬಹುದು. ಬಹಳಷ್ಟು ಮಂದಿ ಅದನ್ನು ಒಮ್ಮೆಯೂ ಮುಟ್ಟಿರುವುದಿಲ್ಲವೆಂಬುದು ನನ್ನ ಗುಮಾನಿ. ದೀಪ ಹೊಂದಿಸುವಾಗ ಅದು 0ಯಲ್ಲಿರಬೇಕು, ಡಿಕ್ಕಿ ಖಾಲಿಯಿರಬೇಕು, ಟೈರುಗಳಲ್ಲಿ ಗಾಳಿ ಸರಿಯಿರಬೇಕು, ಚಾಲಕರ ಸೀಟಿನಲ್ಲಿ ಒಬ್ಬರು ಕುಳಿತಿರಬೇಕು.

ನೆಲದ ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು. ನೀರು ನಿಲ್ಲದಿರಲೆಂದು ಅಂಗಳಕ್ಕೆ ಕೊಡುವ ಇಳಿಜಾರು ಸಾಮಾನ್ಯವಾಗಿ ನೂರಕ್ಕೆ ಒಂದರ ಆಸುಪಾಸಿನಲ್ಲೇ ಇರುತ್ತದೆ. ನಾವು ಅಳೆಯಹೊರಟ ಇಳಿತದಷ್ಟೇ. ಕಾರಿನ ಕೆಳಗಿನಿಂದ ಗೋಡೆಯ ಬುಡದವರೆಗೂ ಅದು ಒಂದೇ ಸಮನಾಗಿದ್ದರೆ ತೊಂದರೆಯಿಲ್ಲ, ಏಕೆಂದರೆ ಕಾರೂ ನೆಲದೊಂದಿಗೇ ವಾಲಿರುತ್ತದೆ. ನಡುವೆ ಎಲ್ಲಾದರೂ ನೆಲ ಮುರಿದಂತೆ ಇಳಿದಿದ್ದರೆ ಅಥವಾ ಏರಿದ್ದರೆ ಅಳತೆಯೆಲ್ಲ ಸುಳ್ಳಾಗುತ್ತದೆ. ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ, ನೀರು ತುಂಬಿದ ಪಾರದರ್ಶಕ ಪೈಪು ಇಂಥ ವ್ಯತ್ಯಾಸವನ್ನು ಕೂಡಲೇ ತೋರಿಸಿಕೊಡುತ್ತದೆ.

ನೆಲ ಒಪ್ಪಿಗೆಯಾದ ಮೇಲೆ ಕಾರನ್ನು ಗೋಡೆಗೆ ತೀರ ಹತ್ತಿರ, ನೇರವಾಗಿ ತಂದು ನಿಲ್ಲಿಸಿ, ಎರಡೂ ದೀಪಗಳ ನಡುಬಿಂದುಗಳನ್ನು ಗೋಡೆಯ ಮೇಲೆ ಗುರುತು ಮಾಡಿಕೊಳ್ಳಬೇಕು. ಹಲವು ದೀಪಗಳ ಗಾಜಿನ ಮೇಲೆ ಈ ಬಿಂದುವಿನಲ್ಲಿ ಪುಟ್ಟ ಚುಕ್ಕೆಯೊಂದು ಇರುತ್ತದೆ. ಆ ಎತ್ತರದಲ್ಲಿ ಒಂದು ಅಡ್ಡ ಟೇಪು, ಪ್ರತಿ ಬಿಂದುವಿನ ಮೂಲಕ ಒಂದೊಂದು ಉದ್ದ ಟೇಪು ಅಂಟಿಸಿ, ಕಾರನ್ನು ನೇರವಾಗಿ ಹಿಂದಕ್ಕೆ ತಂದು, ದೀಪದಿಂದ ಗೋಡೆಗೆ ಐದು ಮೀಟರ್ ಅಂತರವಿರುವಂತೆ ನಿಲ್ಲಿಸಬೇಕು. ಈಗ ಮೊದಲ ಅಡ್ಡ ಟೇಪಿನಿಂದ ಐದು ಸೆಂಟಿಮೀಟರ್ ಕೆಳಗೆ ಇನ್ನೊಂದನ್ನು ಅಂಟಿಸಿದರೆ, ಗೆರೆಯ ಮಟ್ಟಸವಾದ ಭಾಗ ಅದರ ಮೇಲೆ ಕೂರಬೇಕು, ಡೊಂಕು ಶುರುವಾಗುವ ಬಿಂದು ಆಯಾ ದೀಪದ ಉದ್ದ ಟೇಪಿನ ಮೇಲಿರಬೇಕು. ತಯಾರಕರೇ ಬೇರೆ ಅಂಕಿ ಕೊಟ್ಟಿದ್ದರೆ, ಅದು ದೀಪದ ಬಳಿಯ ಚೀಟಿಯಲ್ಲಿ ಶೇಕಡಾವಾರಾಗಿ ಅಚ್ಚಾಗಿರುವುದುಂಟು, ಅದೇ ಅಂತಿಮ.

ಬಾನೆಟ್ ಎತ್ತಿದರೆ ಪ್ರತಿ ದೀಪದ ಹಿಂದೆ ಸಾಮಾನ್ಯವಾಗಿ ಎರಡು ಸ್ಕ್ರೂಗಳು ಕಾಣುತ್ತವೆ. ಒಂದು ಬೆಳಕನ್ನು ಮೇಲೆ ಕೆಳಗೆ, ಇನ್ನೊಂದು ಅಕ್ಕಪಕ್ಕಕ್ಕೆ ಸರಿಸುತ್ತದೆ. ದೀಪ ತಿರುಗುವ ಕೀಲಿನಿಂದ ಸ್ಕ್ರೂ 15 ಸೆಂಟಿಮೀಟರ್ ದೂರವಿದೆಯೆಂದುಕೊಂಡರೆ, ಅದು ಒಂದೇ ಒಂದು ಮಿಲಿಮೀಟರ್ ಸರಿದಾಗ ಗೆರೆ ಐದು ಮೀಟರ್ ಆಚೆ ಮೂರು ಸೆಂಟಿಮೀಟರಿಗೂ ಹೆಚ್ಚು ಸರಿಯುತ್ತದೆ. ಆದ್ದರಿಂದ ಕಾಲು ಸುತ್ತು ತಿರುಗಿಸಿ, ಗೋಡೆ ನೋಡಿ, ಮತ್ತೆ ತಿರುಗಿಸಬೇಕು. ಮೊದಲ ಬಾರಿ ನಾನು ಎಷ್ಟು ಸುತ್ತು ತಿರುಗಿಸಿದೆನೆಂದು ಬರೆದಿಟ್ಟುಕೊಳ್ಳದೆ ಒಂದು ಸಂಜೆಯನ್ನೇ ಕಳೆದಿದ್ದೇನೆ. ಒಂದು ದೀಪ ಹೊಂದಿಸುವಾಗ ಇನ್ನೊಂದರ ಎದುರು, ತುಸು ಅಂತರ ಬಿಟ್ಟು, ರಟ್ಟು ನಿಲ್ಲಿಸುವುದು ಒಳ್ಳೆಯದು. ಬಟ್ಟೆ ಹೊದಿಸಿದರೆ ಹ್ಯಾಲೊಜೆನ್ ದೀಪದ ಬಿಸಿಗೆ ದೀಪದ ಪ್ಲಾಸ್ಟಿಕ್ ಹೊದಿಕೆ ಹಾಳಾಗಬಹುದು. ತಾನಾಗಿ ಮಟ್ಟ ಸರಿಪಡಿಸಿಕೊಳ್ಳುವ ವ್ಯವಸ್ಥೆ, ಕ್ಯಾಮೆರಾ ನೋಡಿ ಬೆಳಕನ್ನು ಬದಲಿಸುವ ವ್ಯವಸ್ಥೆ ಇರುವ ಕಾರುಗಳಲ್ಲಿ ಮಾತ್ರ ಈ ಸ್ಕ್ರೂಗಳ ತಂಟೆಗೆ ಹೋಗದಿರುವುದೇ ಸರಿ.

ಬಲ್ಬ್ ಬದಲಿಸಿದ ನಂತರ ಒಂದೇ ದೀಪ ದಿಕ್ಕು ತಪ್ಪಿದ್ದರೆ ತಪ್ಪು ಬಹುಶಃ ಸ್ಕ್ರೂವಿನದಲ್ಲ. ದೀಪದ ಹಿಂದಿನ ಪ್ರತಿಫಲಕ ಬಲ್ಬಿನ ತಂತು ನಿಗದಿತ ಬಿಂದುವಿನಲ್ಲೇ ಇದೆಯೆಂದು ನಂಬಿ ರೂಪುಗೊಂಡದ್ದು. ಪ್ರತಿಫಲಕದ ನಾಭಿದೂರ 25 ಮಿಲಿಮೀಟರ್ ಎಂದಿಟ್ಟುಕೊಂಡರೆ, ತಂತು ಒಂದು ಮಿಲಿಮೀಟರ್ ಮೇಲೋ ಕೆಳಗೋ ಸರಿದಾಗ ಬೆಳಕು ಎರಡು ಡಿಗ್ರಿಗೂ ಹೆಚ್ಚು ತಿರುಗುತ್ತದೆ, ಎಂದರೆ ನಮ್ಮ ಇಡೀ ಇಳಿತದ ನಾಲ್ಕು ಪಟ್ಟು. ಹ್ಯಾಲೊಜೆನ್ ಬಲ್ಬಿನ ಗೂಡಿಗೆ ಎಲ್‌ಇಡಿ ಬಲ್ಬ್ ತೂರಿಸಿದಾಗ ಗೋಡೆಯ ಮೇಲಿನ ಗೆರೆ ಹಲವು ಸಲ ಕಲಸಿಹೋಗುವುದು ಹೀಗೆಯೇ. ಬೆಳಕು ಹೊಮ್ಮುವ ಜಾಗವೂ ಅದರ ಆಕಾರವೂ ಬೇರೆಯಾದ್ದರಿಂದ ಅದನ್ನು ಯಾವ ಸ್ಕ್ರೂವೂ ಸರಿಪಡಿಸಲಾರದು. ಹ್ಯಾಲೊಜೆನ್ ಬಲ್ಬೇ ಇದ್ದರೆ, ಅದು ತಣ್ಣಗಾದ ಮೇಲೆ ಹೊರತೆಗೆದು, ಅದರ ಲೋಹದ ಬಿಲ್ಲೆಯ ಮೂರು ಕಿವಿಗಳು ತಮ್ಮ ತಮ್ಮ ಕಚ್ಚುಗಳಲ್ಲಿ ಕೂರುವಂತೆ ಇಟ್ಟು, ತಂತಿಯ ಕ್ಲಿಪ್ ಬಿಗಿಯಾಗಿ ಹಾಕಿ ಮತ್ತೆ ಹಚ್ಚಿ ನೋಡಿ. ಎಷ್ಟೋ ಸಲ ಸ್ಕ್ರೂ ಡ್ರೈವರ್ ಕೈಗೆತ್ತಿಕೊಳ್ಳುವ ಮೊದಲೇ ಗೆರೆ ಕೆಳಗಿನ ಟೇಪಿನ ಮೇಲೆ ಬಂದು ಕುಳಿತಿರುತ್ತದೆ.