ಲೇಆಫ್ ಆದ ಎಚ್-1ಬಿ ನೌಕರರಿಗೆ ನಿಜವಾಗಿ ಸಿಗುವುದು 40 ದಿನ

ಎಚ್-1ಬಿ ವೀಸಾದಲ್ಲಿ ಅಮೆರಿಕದಲ್ಲಿರುವವರಿಗೆ ಕೆಲಸ ಹೋದರೆ ಹೊಸದನ್ನು ಹುಡುಕಿಕೊಳ್ಳಲು 60 ದಿನ ಇರುತ್ತದೆ ಎಂಬುದು ಈಗ ಊರಲ್ಲಿರುವ ಅಪ್ಪ-ಅಮ್ಮನಿಗೂ ಗೊತ್ತಿರುವ ಮಾತು. ಅದು ಅರ್ಧ ಮಾತ್ರ ಸರಿ. 60ನೇ ದಿನದೊಳಗೆ ಕೆಲಸ ಸಿಕ್ಕಿದ್ದರೆ ಸಾಲದು, ಹೊಸ ಕಂಪನಿ ನಿಮ್ಮ ಹೆಸರಿನಲ್ಲಿ ಹಾಕುವ ಐ-129 ಅರ್ಜಿ ವಲಸೆ ಇಲಾಖೆ ಯುಎಸ್‌ಸಿಐಎಸ್‌ಗೆ ತಲುಪಿರಬೇಕು. ಆಫರ್ ಲೆಟರ್‌ಗೂ ಅರ್ಜಿ ತಲುಪುವುದಕ್ಕೂ ನಡುವೆ ಸುಮಾರು ಮೂರು ವಾರದ ಕೆಲಸವಿದೆ. ಅದನ್ನು ಕಳೆದರೆ ಇಂಟರ್‌ವ್ಯೂಗಳಿಗೆ ಉಳಿಯುವುದು 40 ದಿನ.

ಮೊದಲು ಎಣಿಕೆ ಎಲ್ಲಿಂದ ಶುರು ಎಂಬುದು ಸ್ಪಷ್ಟವಾಗಬೇಕು. 2017ರ ಜನವರಿ 17ರಿಂದ ಜಾರಿಯಲ್ಲಿರುವ ಈ ನಿಯಮದ ಪ್ರಕಾರ ಕೆಲಸ ಮುಗಿದ ದಿನದ ಮರುದಿನವೇ ಒಂದನೇ ದಿನ. ಕೆಲಸ ಮುಗಿದ ದಿನ ಯಾವುದು ಎಂಬುದನ್ನು ಇಲಾಖೆ ಸಾಮಾನ್ಯವಾಗಿ ಸಂಬಳ ಸಂದಾಯವಾದ ಕೊನೆಯ ದಿನದಿಂದ ಗುರುತಿಸುತ್ತದೆ. ಮಾರ್ಚ್ 10 ಕೊನೆಯ ಸಂಬಳದ ದಿನವಾದರೆ ಮೇ 9 ನಿಮ್ಮ 60ನೇ ದಿನ. ಶನಿವಾರ, ಭಾನುವಾರ, ರಜೆ ಎಲ್ಲವೂ ಲೆಕ್ಕಕ್ಕೆ ಸೇರುತ್ತವೆ. ಕೆಲಸದಿಂದ ತೆಗೆಯುವಾಗ ಕೊಡುವ ಸೆವೆರೆನ್ಸ್ ಹಣ ನಾಲ್ಕು ತಿಂಗಳಿಗೆ ಸಾಕಾಗುವಷ್ಟು ಬಂದರೂ ಎಣಿಕೆ ಒಂದು ದಿನವೂ ಮುಂದಕ್ಕೆ ಹೋಗುವುದಿಲ್ಲ. ಕೆಲವು ದೊಡ್ಡ ಕಂಪನಿಗಳು ಕೆಲಸ ಕೊಡದೆ ಎರಡು ತಿಂಗಳು ಪೇರೋಲ್‌ನಲ್ಲಿ ಇಟ್ಟುಕೊಳ್ಳುತ್ತವೆ. ಆಗ ಪೇಸ್ಲಿಪ್ ಬರುತ್ತಿದ್ದರೂ ದುಡಿಮೆ ಇಲ್ಲದ್ದರಿಂದ ಪ್ರಶ್ನೆ ಏಳಬಹುದು. ಲ್ಯಾಪ್‌ಟಾಪ್ ವಾಪಸು ಕೊಟ್ಟ ದಿನದಿಂದಲೇ ಎಣಿಸಿಕೊಂಡು ಓಡುವುದು ಕ್ಷೇಮ. ಆಮೇಲೆ ದಿನ ಹೆಚ್ಚು ಸಿಕ್ಕರೆ ನಷ್ಟವೇನೂ ಇಲ್ಲ.

60 ಎಂಬುದು ಗರಿಷ್ಠ ಮಿತಿ. ದೇಶದಲ್ಲಿ ಎಲ್ಲಿಯವರೆಗೆ ಇರಬಹುದೆಂದು ಹೇಳುವ ದಾಖಲೆ ಐ-94 ಅದಕ್ಕಿಂತ ಮೊದಲೇ ಮುಗಿದರೆ ಗ್ರೇಸ್ ಪೀರಿಯಡ್ ಎನ್ನುವ ಈ ಅವಕಾಶ ಕೂಡ ಅಂದೇ ಮುಗಿಯುತ್ತದೆ. ಭಾರತೀಯರು ಹೆಚ್ಚಾಗಿ ಸಿಕ್ಕಿಹಾಕಿಕೊಳ್ಳುವ ಜಾಗ ಇದು. ಊರಿಗೆ ಹೋಗಿ ಬರುವಾಗ ಪಾಸ್‌ಪೋರ್ಟ್ ಅವಧಿ ಕಡಿಮೆ ಇದ್ದರೆ ವಿಮಾನ ನಿಲ್ದಾಣದಲ್ಲಿ ಐ-94 ಅನ್ನು ಪಾಸ್‌ಪೋರ್ಟ್ ಮುಗಿಯುವ ದಿನಕ್ಕೇ ಕೊಡುತ್ತಾರೆ. ಅಪ್ರೂವಲ್ ನೋಟಿಸ್ ಐ-797ರಲ್ಲಿ ಇನ್ನೂ ಎರಡು ವರ್ಷ ಕಾಣುತ್ತಿರುತ್ತದೆ, ಆದರೆ ಕೊನೆಯ ಬಾರಿ ಒಳಬಂದಾಗ ಸಿಕ್ಕ ಐ-94 ಅದನ್ನು ಹಿಂದಿಕ್ಕಿರುತ್ತದೆ. ಕಸ್ಟಮ್ಸ್ ಮತ್ತು ಗಡಿ ರಕ್ಷಣಾ ಇಲಾಖೆಯ ಜಾಲತಾಣದಲ್ಲಿ ಪಾಸ್‌ಪೋರ್ಟ್ ಸಂಖ್ಯೆ ಹಾಕಿದರೆ ದಿನಾಂಕ ಎರಡು ನಿಮಿಷದಲ್ಲಿ ಸಿಗುತ್ತದೆ. ಕೆಲಸ ಗಟ್ಟಿಯಿರುವಾಗಲೇ ಹೆಂಡತಿ ಅಥವಾ ಗಂಡ, ಮಕ್ಕಳ ಐ-94 ಸಮೇತ ನೋಡಿಟ್ಟುಕೊಳ್ಳಿ.

ಈಗ ಹಿಂದಿನಿಂದ ಎಣಿಸೋಣ. ಹೊಸ ಕಂಪನಿ ಮೊದಲು ಕಾರ್ಮಿಕ ಇಲಾಖೆಯಿಂದ ಎಲ್‌ಸಿಎ ಪಡೆಯಬೇಕು. ಆ ಊರಿನಲ್ಲಿ ಆ ಹುದ್ದೆಗೆ ಸಲ್ಲಬೇಕಾದ ಸಂಬಳ ಕೊಡುತ್ತೇವೆ ಎಂಬ ಘೋಷಣೆ ಅದು. ಇದಕ್ಕೆ 7 ಕೆಲಸದ ದಿನ ಬೇಕು, ಅಂದರೆ ಕ್ಯಾಲೆಂಡರಿನಲ್ಲಿ 9ರಿಂದ 11 ದಿನ. ಹುದ್ದೆಯ ವಿವರ, ಸಂಬಳದ ಹಂತ, ಕೆಲಸದ ಸ್ಥಳ ನಿರ್ಧರಿಸಲು ಅದಕ್ಕೂ ಮೊದಲು ಎರಡು ಮೂರು ದಿನ. ಎಲ್‌ಸಿಎ ಬಂದ ಮೇಲೆ ಸಹಿ, ಪ್ರಿಂಟ್, ಕೊರಿಯರ್‌ಗೆ ಮತ್ತೆ ಮೂರ್ನಾಲ್ಕು ದಿನ. 40ನೇ ದಿನ ಆಫರ್ ಬಂದರೆ 57ರ ಹೊತ್ತಿಗೆ ಅರ್ಜಿ ತಲುಪುತ್ತದೆ. ಮೂರು ದಿನದ ಅವಕಾಶ ಎಡವಟ್ಟುಗಳಿಗೆ ಬೇಕೇ ಬೇಕು.

ಎಡವಟ್ಟುಗಳು ಎಂಥವು? ಹಿಂದೆ ಎಂದೂ ಎಲ್‌ಸಿಎ ಹಾಕದ ಸಣ್ಣ ಸ್ಟಾರ್ಟಪ್ ಆದರೆ ಅದರ ತೆರಿಗೆ ಗುರುತಿನ ಸಂಖ್ಯೆ ಎಫ್‌ಇಐಎನ್ ಅನ್ನು ಕಾರ್ಮಿಕ ಇಲಾಖೆ ಪರಿಶೀಲಿಸುತ್ತದೆ. ದಾಖಲೆಗೆ ಹೊಂದದಿದ್ದರೆ ಎಲ್‌ಸಿಎ ತಿರಸ್ಕಾರವಾಗಿ ಒಂದು ವಾರ ಹೋಗುತ್ತದೆ. ಆಫರ್ ಮಾತುಕತೆಯಲ್ಲೇ “ಮೊದಲು ಎಚ್-1ಬಿ ಮಾಡಿಸಿದ್ದೀರಾ?” ಎಂದು ಕೇಳಿ, ಸಂಕೋಚ ಬೇಡ. ನವೆಂಬರ್, ಡಿಸೆಂಬರ್‌ನಲ್ಲಿ ಲೇಆಫ್ ಆದವರಿಗೆ ಥ್ಯಾಂಕ್ಸ್‌ಗಿವಿಂಗ್ ಮತ್ತು ಕ್ರಿಸ್‌ಮಸ್ ರಜೆಗಳು 7 ಕೆಲಸದ ದಿನವನ್ನು ಹಿಗ್ಗಿಸುತ್ತವೆ. 2025ರ ಅಕ್ಟೋಬರ್ 1ರಂದು ಸರ್ಕಾರಿ ಕಚೇರಿಗಳು ಸ್ಥಗಿತವಾದಾಗಲಂತೂ ಎಲ್‌ಸಿಎ ಕೊಡುವ ವ್ಯವಸ್ಥೆಯೇ ತಿಂಗಳ ಕೊನೆಯವರೆಗೆ ಮುಚ್ಚಿತ್ತು. ಇನ್ನು ಅರ್ಜಿ ತಿರಸ್ಕಾರ: ಹಳೆಯ ಆವೃತ್ತಿಯ ಫಾರ್ಮ್, ಬಿಟ್ಟುಹೋದ ಸಹಿ, ತಪ್ಪು ಶುಲ್ಕ, ಇಷ್ಟು ಸಾಕು. ಹಾಗೆ ವಾಪಸು ಬಂದ ಅರ್ಜಿಗೆ ಮೊದಲು ತಲುಪಿದ ದಿನಾಂಕ ದಕ್ಕುವುದಿಲ್ಲ. 2025ರ ಅಕ್ಟೋಬರ್ 28ರ ನಂತರ ಇಲಾಖೆ ಸಾಮಾನ್ಯವಾಗಿ ಚೆಕ್ ಸ್ವೀಕರಿಸುವುದಿಲ್ಲ, ಕಾರ್ಡ್ ಅಥವಾ ಬ್ಯಾಂಕ್ ಖಾತೆಯಿಂದ ನೇರ ಪಾವತಿಯ ಫಾರ್ಮ್ ಲಗತ್ತಿಸಬೇಕು.

ಅರ್ಜಿ ತಲುಪಿದ ಮೇಲೆ ಪೋರ್ಟಬಿಲಿಟಿ ನಿಯಮದಡಿ ಅಪ್ರೂವಲ್‌ಗೆ ಕಾಯದೆ ಕೆಲಸ ಶುರುಮಾಡಬಹುದು. ಆದರೂ 15 ಕೆಲಸದ ದಿನದಲ್ಲಿ ಉತ್ತರ ಬರುವ ಪ್ರೀಮಿಯಂ ಸೇವೆಗೆ ಕಂಪನಿಯನ್ನು ಒಪ್ಪಿಸುವುದು ಒಳ್ಳೆಯದು. ಆರು ತಿಂಗಳು ದುಡಿದ ಮೇಲೆ ನಿರಾಕರಣೆ ಬರುವುದಕ್ಕಿಂತ ಮೂರು ವಾರದಲ್ಲಿ ತಿಳಿಯುವುದು ಮೇಲು.

ಆಫರ್ ಬಾರದೆ 50ನೇ ದಿನ ಬಂದರೆ? ಗಂಡ ಹೆಂಡತಿ ಇಬ್ಬರೂ ಎಚ್-1ಬಿಯಲ್ಲಿದ್ದರೆ ದಾರಿ ಸುಲಭ. ಕೆಲಸ ಹೋದವರು ಸ್ಥಿತಿ ಬದಲಾವಣೆಯ ಅರ್ಜಿ ಐ-539 ಹಾಕಿ, ಎಚ್-1ಬಿಯವರ ಸಂಗಾತಿ ಮತ್ತು ಮಕ್ಕಳ ವರ್ಗವಾದ ಎಚ್-4ಕ್ಕೆ ಬದಲಾಗಬಹುದು. ಮುಂದೆ ಕೆಲಸ ಸಿಕ್ಕಾಗ ಲಾಟರಿ ಬೇಡ, ಯಾಕೆಂದರೆ ಒಮ್ಮೆ ವಾರ್ಷಿಕ ಮಿತಿಯಲ್ಲಿ ಎಣಿಕೆಯಾದವರು ಎಚ್-1ಬಿಯ ಗರಿಷ್ಠ ಆರು ವರ್ಷದಲ್ಲಿ ಉಳಿದಿರುವ ಅವಧಿಯನ್ನು ಬಳಸಬಹುದು. ಒಬ್ಬರೇ ದುಡಿಯುವ ಮನೆಯವರು ಸಾಮಾನ್ಯವಾಗಿ ಪ್ರವಾಸಿ ವರ್ಗವಾದ ಬಿ-2ಗೆ ಬದಲಾಯಿಸಲು ಅದೇ ಐ-539 ಹಾಕುತ್ತಾರೆ. 60 ದಿನದೊಳಗೆ ಹಾಕಿದರೆ ತೀರ್ಮಾನ ಬರುವವರೆಗೆ ದೇಶದಲ್ಲಿರಬಹುದು. ಕೆಲಸ ಮಾಡುವಂತಿಲ್ಲ. ಮನೆ ಖಾಲಿ ಮಾಡಲು, ಮಗುವಿನ ಶಾಲಾ ವರ್ಷ ಮುಗಿಸಲು ಅದು ನೆರವಾಗುತ್ತದೆ. ಅದನ್ನೇ ಹೊಸ ಎಚ್-1ಬಿಗೆ ಸೇತುವೆ ಎಂದು ನಂಬಿದರೆ ಅಪಾಯ. 60 ದಿನ ದಾಟಿದ ಮೇಲೆ, ಬಿ-2 ಇನ್ನೂ ಬಾಕಿ ಇರುವಾಗ ಬಂದ ಎಚ್-1ಬಿ ಅರ್ಜಿಯಲ್ಲಿ ಹುದ್ದೆಗೆ ಒಪ್ಪಿಗೆ ಸಿಕ್ಕರೂ, ದೇಶದೊಳಗೇ ಸ್ಥಿತಿ ಬದಲಾಯಿಸಲು ಒಪ್ಪಿಗೆ ಸಿಗದೇ ಹೋಗಬಹುದು. ಆಗ ಹೊರಗೆ ಹೋಗಿ ಬರಬೇಕಾಗುತ್ತದೆ.

ಮೊದಲು ಈ ಹೊರಗೆ ಹೋಗಿ ಬರುವುದು ಟಿಕೆಟ್ ಖರ್ಚಿನ ಮಾತಾಗಿತ್ತು. 2025ರ ಸೆಪ್ಟೆಂಬರ್ 21ರಿಂದ ಜಾರಿಗೆ ಬಂದ ಅಧ್ಯಕ್ಷರ ಘೋಷಣೆ ಅದನ್ನು ಬದಲಾಯಿಸಿತು. ಅರ್ಜಿ ಹಾಕುವಾಗ ಅಮೆರಿಕದ ಹೊರಗಿದ್ದು, ಪಾಸ್‌ಪೋರ್ಟ್‌ನಲ್ಲಿ ಚಾಲ್ತಿಯಲ್ಲಿರುವ ಎಚ್-1ಬಿ ವೀಸಾ ಸ್ಟಾಂಪ್ ಇಲ್ಲದವರ ಹೊಸ ಅರ್ಜಿಗೆ ಕಂಪನಿ 1,00,000 ಡಾಲರ್ ಕಟ್ಟಬೇಕು. 12 ತಿಂಗಳಿಗೆಂದು ಹೊರಡಿಸಿದ ಈ ಘೋಷಣೆಯಲ್ಲೇ ವಿಸ್ತರಣೆಗೆ ಅವಕಾಶವಿದೆ. ಅಕ್ಟೋಬರ್ 20ರ ಸ್ಪಷ್ಟನೆಯ ಪ್ರಕಾರ ದೇಶದೊಳಗಿದ್ದು ಕಂಪನಿ ಬದಲಿಸುವವರಿಗೆ, ಅವಧಿ ವಿಸ್ತರಿಸುವವರಿಗೆ ಇದು ಅನ್ವಯಿಸದು. ಆದರೆ ಒಳಗಿದ್ದವರ ಸ್ಥಿತಿ ಬದಲಾವಣೆ ಅಥವಾ ವಿಸ್ತರಣೆಗೆ ಒಪ್ಪಿಗೆ ಸಿಗದಿದ್ದರೆ, ಇಲ್ಲವೇ ತೀರ್ಮಾನಕ್ಕೆ ಮುಂಚೆ ದೇಶ ಬಿಟ್ಟರೆ, ಈ ಹಣದ ಪ್ರಶ್ನೆ ಬರುತ್ತದೆ. ಮಧ್ಯಮ ಗಾತ್ರದ ಯಾವ ಕಂಪನಿಯೂ ಒಬ್ಬ ಡೆವಲಪರ್‌ಗಾಗಿ ಅಷ್ಟು ಕಟ್ಟುವುದು ಕಷ್ಟ. ಹಾಗಾಗಿ ಅರ್ಜಿ ಬಾಕಿ ಇರುವಾಗ, ಅಜ್ಜಿಗೆ ಹುಷಾರಿಲ್ಲವೆಂದು ಫೋನ್ ಬಂದರೂ, ವಕೀಲರೊಂದಿಗೆ ಮಾತಾಡದೆ ಟಿಕೆಟ್ ಮಾಡಬೇಡಿ.

ಸ್ಟಾಂಪಿಂಗ್ ಕೂಡ ಬಿಗಿಯಾಗಿದೆ. 2025ರ ಸೆಪ್ಟೆಂಬರ್‌ನಿಂದ ಸ್ವಂತ ದೇಶ ಅಥವಾ ವಾಸವಿರುವ ದೇಶದಲ್ಲೇ ಸಂದರ್ಶನಕ್ಕೆ ಹೋಗಬೇಕು, ಬೇರೆ ದೇಶದಲ್ಲಿ ಮುಗಿಸಿಕೊಂಡು ಬರುವ ದಾರಿ ಮುಚ್ಚಿದೆ. ಡಿಸೆಂಬರ್ 15ರಿಂದ ಎಚ್-1ಬಿ, ಎಚ್-4 ಅರ್ಜಿದಾರರ ಸಾಮಾಜಿಕ ಜಾಲತಾಣ ಖಾತೆಗಳ ತಪಾಸಣೆ ಶುರುವಾದಾಗ, ಚೆನ್ನೈ, ಹೈದರಾಬಾದ್‌ನಂಥ ಕಡೆ ದಿನಾಂಕ ಸಿಕ್ಕಿದ್ದ ಎಷ್ಟೋ ಜನರ ಸಂದರ್ಶನ ತಿಂಗಳುಗಟ್ಟಲೆ ಮುಂದಕ್ಕೆ ಹೋಯಿತು. ರಜೆಗೆಂದು ಬೆಂಗಳೂರಿಗೆ ಬಂದವರು ಇಲ್ಲೇ ಉಳಿಯಬೇಕಾಯಿತು.

ಗ್ರೀನ್ ಕಾರ್ಡ್ ಸರತಿಯಲ್ಲಿರುವವರು ಲೇಆಫ್ ಮೇಲ್ ಬಂದ ದಿನವೇ ಕಂಪನಿ ತಮಗಾಗಿ ಹಾಕಿದ ಗ್ರೀನ್ ಕಾರ್ಡ್ ಅರ್ಜಿ ಐ-140ರ ಬಗ್ಗೆ ವಿಚಾರಿಸಬೇಕು. 2025ರ ಕೊನೆಯಲ್ಲೂ ಉದ್ಯೋಗ ಆಧಾರಿತ ಇಬಿ-2, ಇಬಿ-3 ವರ್ಗಗಳಲ್ಲಿ ಭಾರತೀಯರ ಸರತಿ 2013ರಲ್ಲಿ ಸೇರಿದವರಲ್ಲೇ ನಿಂತಿತ್ತು, ಆದ್ದರಿಂದ ಸರತಿಯಲ್ಲಿ ನಿಮ್ಮ ಸ್ಥಾನ ಹೇಳುವ ಪ್ರಯಾರಿಟಿ ಡೇಟ್ ಎಂಬುದು ಹತ್ತು ವರ್ಷಕ್ಕೂ ಮೀರಿದ ದುಡಿಮೆಯ ಫಲ. ಐ-140 ಮಂಜೂರಾಗಿ 180 ದಿನ ಕಳೆದಿದ್ದರೆ ಕಂಪನಿ ವಾಪಸು ತೆಗೆದುಕೊಂಡರೂ ಅದರ ಬಲದ ಮೇಲೆ ಆರು ವರ್ಷದಾಚೆಯೂ ಎಚ್-1ಬಿ ವಿಸ್ತರಣೆ ಸಿಗುತ್ತದೆ. 180 ದಿನದೊಳಗೆ ವಾಪಸಾದರೆ ಪ್ರಯಾರಿಟಿ ಡೇಟ್ ಉಳಿಯುತ್ತದೆ, ಆದರೆ ಆ ವಿಸ್ತರಣೆಯ ಆಧಾರ ಹೋಗುತ್ತದೆ. 180 ದಿನ ತುಂಬುವವರೆಗೆ ವಾಪಸು ಪಡೆಯಬೇಡಿ ಎಂದು ಎಚ್‌ಆರ್ ಅನ್ನು ಲಿಖಿತವಾಗಿ ಕೇಳಿ. ಕಂಪನಿಗೆ ಅದರಿಂದ ಖರ್ಚಿಲ್ಲ, ಕೇಳಿದರೆ ಹಲವು ಕಂಪನಿಗಳು ಒಪ್ಪುತ್ತವೆ.

ಮೇಲ್ ಖಾತೆ ಮುಚ್ಚುವ ಮೊದಲು ಎಲ್ಲ ಐ-797 ಪ್ರತಿಗಳು, ಕೊನೆಯ ಕೆಲವು ಪೇಸ್ಲಿಪ್, ವರ್ಷದ ಸಂಬಳ ಮತ್ತು ತೆರಿಗೆ ತೋರಿಸುವ ಡಬ್ಲ್ಯು-2, ಐ-140ರ ರಸೀದಿ ಸಂಖ್ಯೆ, ಗ್ರೀನ್ ಕಾರ್ಡ್‌ನ ಮೊದಲ ಹಂತವಾದ ಪರ್ಮ್ ಅರ್ಜಿಯಲ್ಲಿ ಬರೆದ ಹುದ್ದೆಯ ವಿವರ ಕೇಳಿ ಪಡೆದುಕೊಳ್ಳಿ. ಹೊಸ ಕಂಪನಿ ಪರ್ಮ್ ಅನ್ನು ಮೊದಲಿಂದ ಮಾಡಬೇಕು. ಆಗ ಬೆಂಗಳೂರಿನ ಹಳೆಯ ಕಂಪನಿಯ ಅನುಭವ ಪತ್ರವೂ ಬೇಕಾಗಬಹುದು. ಸೇರಿದ ದಿನ, ಬಿಟ್ಟ ದಿನ, ಹುದ್ದೆ ಮಾತ್ರ ಇರುವ ಪತ್ರ ಸಾಲದು, ಮಾಡಿದ ಕೆಲಸ ಮತ್ತು ಬಳಸಿದ ತಂತ್ರಜ್ಞಾನ ಬರೆದಿರಬೇಕು. ಅಂಥ ಪತ್ರ ಸಿಗದಿದ್ದರೆ ಅಂದಿನ ಮ್ಯಾನೇಜರ್ ಅಥವಾ ಸಹೋದ್ಯೋಗಿಯಿಂದ ಪ್ರಮಾಣಪತ್ರ ಬರೆಸಿಕೊಳ್ಳುತ್ತಾರೆ.

50ನೇ ದಿನದ ಆತಂಕದಲ್ಲಿರುವವರಿಗೆ ಕೆಲವು ಕನ್ಸಲ್ಟೆನ್ಸಿಗಳಿಂದ ಫೋನ್ ಬರುತ್ತದೆ. ಪ್ರಾಜೆಕ್ಟ್ ಆಮೇಲೆ ನೋಡೋಣ, ಎಚ್-1ಬಿ ಹಾಕುತ್ತೇವೆ, ಪೇರೋಲ್ ಓಡಿಸುವ ಹಣ ನೀವೇ ಕೊಡಿ ಎನ್ನುತ್ತಾರೆ. ನಿಮ್ಮ ಹಣವೇ ಸಂಬಳವಾಗಿ ನಿಮಗೆ ವಾಪಸು ಬರುತ್ತದೆ. ಇಲ್ಲದ ಹುದ್ದೆಯನ್ನು ಇದೆ ಎಂದು ತೋರಿಸಿದ್ದು ವಂಚನೆ ಎಂದು ತೀರ್ಮಾನವಾದರೆ ಅಮೆರಿಕದ ಬಾಗಿಲು ಜೀವನಪರ್ಯಂತ ಮುಚ್ಚಬಹುದು, ಗ್ರೀನ್ ಕಾರ್ಡ್ ಹಂತದಲ್ಲಿ ಹಳೆಯ ಪೇಸ್ಲಿಪ್ ಕೆದಕಿದಾಗಲೂ ಇದು ಹೊರಬರುತ್ತದೆ. ಪ್ರಾಜೆಕ್ಟ್ ಇಲ್ಲದೆ ಬೆಂಚ್‌ನಲ್ಲಿ ಕೂರಿಸಿದರೂ ಎಲ್‌ಸಿಎ ಸಂಬಳ ಕೊಡುವುದು ಕಂಪನಿಯ ಹೊಣೆ. ಕೊಡದಿದ್ದರೆ 12 ತಿಂಗಳೊಳಗೆ ಡಬ್ಲ್ಯುಎಚ್-4 ಫಾರ್ಮ್‌ನಲ್ಲಿ ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು.

ಹೊರಡುವುದೇ ಎಂದು ತೀರ್ಮಾನಿಸಿದವರಿಗೆ ಇನ್ನೊಂದು ಹಕ್ಕಿದೆ. ವೀಸಾ ಅವಧಿಗೆ ಮುನ್ನ ಕಂಪನಿಯೇ ಕೆಲಸದಿಂದ ತೆಗೆದರೆ ನೌಕರರು ಊರಿಗೆ ಮರಳುವ ನ್ಯಾಯವಾದ ಪ್ರಯಾಣ ವೆಚ್ಚವನ್ನು ಅದೇ ಭರಿಸಬೇಕು. ರಾಜೀನಾಮೆ ಕೊಟ್ಟವರಿಗೆ ಇದಿಲ್ಲ, ಕುಟುಂಬದ ಟಿಕೆಟ್ಟಿಗೂ ಇಲ್ಲ. ಬಿಡುಗಡೆ ಪತ್ರಕ್ಕೆ ಸಹಿ ಹಾಕುವ ಮುನ್ನ ಎಚ್‌ಆರ್‌ಗೆ ಮೇಲ್ ಮಾಡಿ ಕೇಳಿ.